ಪಿತ್ತಕೋಶಕ್ಕೆ ಆಪರೇಷನ್ ಬೇಡ ಅಂದಾಗ ಮನೆಯವರು ಮಾಡಬೇಕಾದ್ದು

ಎಂಡೋಸ್ಕೋಪಿ ರೂಮಿನಲ್ಲಿ ನರ್ಸ್ ಆಗಿ ನನಗೆ 12 ವರ್ಷ. "ವಯಸ್ಸಾಗಿದೆ, ಹಾರ್ಟ್ ವೀಕು, ಆಪರೇಷನ್ ಬೇಡ" ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೈಚೆಲ್ಲಿ ಕೂರುವುದನ್ನು ತುಂಬಾ ನೋಡಿದ್ದೇನೆ. ಹಾಗೆ ಕೂರಬೇಡಿ. ಪಿತ್ತಕೋಶವನ್ನು ಈಗ ತೆಗೆಯುವುದಿಲ್ಲ, ಅಷ್ಟೇ. ಕಲ್ಲು ಅಡ್ಡ ಸಿಕ್ಕಿ ಒಳಗೆ ಕಟ್ಟಿಕೊಂಡ ಪಿತ್ತ, ಕೀವು ಹೊರಬರಲು ದಾರಿ ಇದೆ.

ಮೊದಲು ಮಾತ್ರೆ ಡಬ್ಬಿ ತನ್ನಿ. ಬಾಯಲ್ಲಿ ಹೇಳಿದರೆ ಸಾಲದು. ಹೋದ ಮಳೆಗಾಲದಲ್ಲಿ ಒಬ್ಬರು ತಮ್ಮ ತಂದೆಯ ಸ್ಟೀಲ್ ಡಬ್ಬಿ ತಂದಿದ್ದರು. "ಬಿಪಿ, ಶುಗರ್ ಅಷ್ಟೇ ಸಿಸ್ಟರ್" ಅಂದರು. ಟೇಬಲ್ ಮೇಲೆ ಸುರಿದೆ. ತಳದಲ್ಲಿ ಕ್ಲೋಪಿಡೋಗ್ರೆಲ್ ಸ್ಟ್ರಿಪ್, ನಾಲ್ಕು ಮಾತ್ರೆ ಖಾಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಅದು. ರಕ್ತಸ್ರಾವದ ಭಯದಿಂದ ಡಾಕ್ಟರು ಹೊಟ್ಟೆಯ ಮೇಲಿಂದ ಚುಚ್ಚಿ ಕೀವು ತೆಗೆಯುವ ಯೋಚನೆಯನ್ನೇ ಬಿಟ್ಟರು. ಹಾಗಂತ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅಪಾಯ.

ಆಮೇಲೆ ಯಾವ ದಾರಿ ಅಂತ ಕೇಳಿ. ಒಂದು, ಹೊಟ್ಟೆಯ ಮೇಲಿಂದ ಚುಚ್ಚಿ ನಳಿಕೆ ಹಾಕಿ ಹೊರಗೆ ಚೀಲ ಕಟ್ಟುವುದು. ತೀರಾ ಸುಸ್ತಾದವರಿಗೆ ಮಂಪರು ಕೊಡದೆ ಬೇಗ ಮಾಡಬಹುದು. ಎರಡನೆಯದು ಇಆರ್‌ಸಿಪಿ. ಕ್ಯಾಮೆರಾ ಇರುವ ಎಂಡೋಸ್ಕೋಪಿ ನಳಿಕೆಯನ್ನು ಬಾಯಿಯಿಂದ ಇಳಿಸಿ, ಪಿತ್ತನಾಳದ ಮೂಲಕ ಪಿತ್ತಕೋಶದವರೆಗೆ ತೆಳು ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಇಡುತ್ತಾರೆ. ರಕ್ತಸ್ರಾವದ ಭಯ ಇದ್ದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದು ವಾಸಿ. ಆ ತಂದೆಗೂ ಇದನ್ನೇ ಮಾಡಿದರು.

ಮೂರನೆಯದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ತುದಿಯಲ್ಲಿ ಸ್ಕ್ಯಾನ್ ಇರುವ ಎಂಡೋಸ್ಕೋಪಿ ನಳಿಕೆ. ಜಠರ ಅಥವಾ ಸಣ್ಣ ಕರುಳಿನ ಗೋಡೆಯಿಂದಲೇ ಪಿತ್ತಕೋಶಕ್ಕೆ ದಾರಿ ಮಾಡಿ ಲೋಹದ ಸ್ಟೆಂಟ್ ಕೂರಿಸುತ್ತಾರೆ. ದಾರದ ರೀಲಿನ ಹಾಗೆ ಎರಡೂ ತುದಿ ಅಗಲ, ನಡುವೆ 10 ಅಥವಾ 15 ಮಿ.ಮೀ. ದಾರಿ. ಅದು ಬಿಚ್ಚಿಕೊಂಡ ಕ್ಷಣ ಸ್ಕ್ರೀನಿನ ತುಂಬಾ ಕಡುಹಸಿರು ಪಿತ್ತ, ಗಟ್ಟಿ ಕೀವು ಉಕ್ಕುತ್ತದೆ. ಅದನ್ನು ನೋಡಿದಾಗ ಇವತ್ತಿಗೂ ನನ್ನ ಎದೆ ಹಗುರಾಗುತ್ತದೆ. 2020ರಲ್ಲಿ ಪ್ರಕಟವಾದ, ಹಾಂಗ್‌ಕಾಂಗ್ ವೈದ್ಯರ ನೇತೃತ್ವದ ಅಧ್ಯಯನದಲ್ಲಿ ಆಪರೇಷನ್ ತಾಳಲಾರದ 80 ರೋಗಿಗಳಿದ್ದರು. ಒಂದು ವರ್ಷದೊಳಗೆ ಹೊರಗಿನ ನಳಿಕೆ ಹಾಕಿದವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನರಿಗೆ ಏನಾದರೊಂದು ತೊಂದರೆ ಬಂತು. ಈ ಸ್ಟೆಂಟ್ ಹಾಕಿದವರಲ್ಲಿ ಸುಮಾರು ಕಾಲು ಪಾಲು ಜನರಿಗೆ. ಆದರೆ ಸ್ಟೆಂಟ್ ದುಬಾರಿ, ಕೈ ಪಳಗಿದ ಡಾಕ್ಟರೇ ಬೇಕು. "ಮುಂದೆ ಆಪರೇಷನ್ ಮಾಡುವ ಸಾಧ್ಯತೆ ಇದೆಯಾ?" ಅಂತ ಮರೆಯದೆ ಕೇಳಿ. ಇದ್ದರೆ ಈ ದಾರಿ ಸರ್ಜನ್‌ಗೆ ಕಷ್ಟ ತರಬಹುದು.

ಮನೆಗೆ ಹೋದ ಮೇಲೆ ಚಳಿಜ್ವರ, ಹೊಟ್ಟೆನೋವು, ಕಪ್ಪು ಮಲ, ಕಣ್ಣು ಹಳದಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಹೊರಗೆ ಚೀಲ ಇದ್ದರೆ ಅದು ಸೊಂಟಕ್ಕಿಂತ ಕೆಳಗಿರಲಿ, ನಳಿಕೆ ಎಳೆಯದಂತೆ ನೋಡಿಕೊಳ್ಳಿ.

ಸ್ಟೆಂಟ್ ಲೋಹದ್ದಾ, ಪ್ಲಾಸ್ಟಿಕ್ಕಾ, ಹಾಕಿದ್ದು ಯಾವತ್ತು, ಬದಲಿಸಬೇಕಾ, ಹಾಗೇ ಬಿಡಬಹುದಾ? ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಆ ಚೀಟಿಯನ್ನು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.