ಗಾಯ ಎಲ್ಲಿ ಆಯ್ತು ಅಂತ ಡಾಕ್ಟರ್ ಕೇಳಿದಾಗ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ದುಬೈ, ಶಾರ್ಜಾ, ಅಬುಧಾಬಿಗೆ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಲಸದಲ್ಲಿ ಪೆಟ್ಟಾದರೆ ಮೊದಲ ದಿನವೇ, ಆಸ್ಪತ್ರೆಯ ಮೊದಲ ಚೀಟಿಯಲ್ಲೇ, ಇದು ಕೆಲಸದ ಜಾಗದಲ್ಲಿ ಆದ ಗಾಯ ಅಂತ ಬರೆಸಿಕೊಳ್ಳಿ. ಮುಂದಿನ ಚಿಕಿತ್ಸೆ, ಪಗಾರ, ಪರಿಹಾರ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಯುಎಇಯಲ್ಲಿ ಈಗಿರುವ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 90 ದಿನ ರಜೆ. ಮೊದಲ 15 ದಿನ ಪೂರ್ತಿ ಪಗಾರ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಏನೂ ಇಲ್ಲ. ಪ್ರೊಬೇಷನ್‌ನಲ್ಲಿದ್ದರೆ ಪಗಾರದ ರಜೆಯೇ ಸಿಗುವುದಿಲ್ಲ. ಅದೇ ಕೆಲಸದಲ್ಲಿ ಆದ ಗಾಯ ಅಂತಾದರೆ ಚಿಕಿತ್ಸೆಯ ಖರ್ಚೆಲ್ಲ ಕಂಪನಿಯದ್ದು. 6 ತಿಂಗಳವರೆಗೆ ಪೂರ್ತಿ ಪಗಾರ. ಆಗಲೂ ಗುಣವಾಗದಿದ್ದರೆ ಇನ್ನೂ 6 ತಿಂಗಳು ಅರ್ಧ ಪಗಾರ. ಮುರಿದ ಕಾಲು ಒಂದೇ, ಹಾಕಿದ ಪ್ಲಾಸ್ಟರ್ ಒಂದೇ. ಕಾಗದದಲ್ಲಿ ಏನು ಬರೆದಿದೆ ಅನ್ನುವುದಷ್ಟೇ ಬೇರೆ.

ಚಿತ್ತಾಪುರ ತಾಲ್ಲೂಕಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಊರಲ್ಲಿ ಶಹಾಬಾದ್ ಕಲ್ಲಿನ ಕೆಲಸ ಮಾಡಿದವನು, ಕೈ ಪಳಗಿತ್ತು. ಇಲ್ಲಿ ಮಾರ್ಬಲ್ ಕತ್ತರಿಸುವಾಗ ಗ್ರೈಂಡರ್ ಜಾರಿ ಎಡಗೈಯ ಎರಡು ಬೆರಳಿಗೆ ಬಿತ್ತು. ಫೋರ್‌ಮನ್ ಅವನನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ಒಂದು ಸಣ್ಣ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ದಾರಿಯಲ್ಲಿ, "ರೂಮಿನ್ಯಾಗ ಅಡಿಗಿ ಮಾಡುವಾಗ ಚಾಕು ಹತ್ತಿತು ಅಂತ ಹೇಳು ತಮ್ಮಾ, ಇಲ್ಲಾಂದ್ರ ಪೊಲೀಸ್ ಕೇಸ್ ಆಗ್ತದ" ಅಂದರಂತೆ. ಫೋರ್‌ಮನ್ ನಮ್ಮ ಕಡೆಯವರೇ. ಹುಡುಗ ತಲೆ ಆಡಿಸಿದ.

ಆಮೇಲೆ ಆ ಚೀಟಿಯನ್ನು ನನ್ನ ಹತ್ತಿರ ತಂದ. ಅದರಲ್ಲಿ ಮೂರೇ ಸಾಲು, ಚಾಕುವಿನ ಗಾಯ ಅಂತ. ಬ್ಯಾಂಡೇಜ್ ಬಿಚ್ಚಿ ತೋರಿಸಿದಾಗ ಹೊಲಿಗೆಯ ಪಕ್ಕ ಚರ್ಮದೊಳಗೆ ಕಲ್ಲಿನ ಪುಡಿ ಇನ್ನೂ ಬೂದು ಗೆರೆಯಾಗಿ ಕಾಣುತ್ತಿತ್ತು. ಯಾವ ಚಾಕು ಹಾಗೆ ಮಾಡುತ್ತದೆ? ಎರಡು ವಾರ ಕಳೆದ ಮೇಲೆ ಪಗಾರ ಹಿಡಿದರು. ಕೇಳಿದರೆ, ಡಾಕ್ಟರಿಗೆ ನೀನೇ ಹೇಳಿದ್ದೀಯಲ್ಲ ಅಂದರು. ಬೇರೆ ಆಸ್ಪತ್ರೆಯ ಡಾಕ್ಟರ್ ಬರೆದುಕೊಟ್ಟ ವರದಿ, ಆ ದಿನದ ಹಾಜರಿ, ಜೊತೆಗಿದ್ದವನ ಫೋನಿನಲ್ಲಿದ್ದ ಫೋಟೋ ಇವನ್ನೆಲ್ಲ ಕೂಡಿಸಿ ದೂರು ಕೊಟ್ಟದ್ದಾಯಿತು. ಸ್ವಲ್ಪ ದುಡ್ಡು ಬಂತು, ಬರಬೇಕಾದಷ್ಟು ಬರಲಿಲ್ಲ. ಈಗ ಆ ಕೈಯಲ್ಲಿ ರೊಟ್ಟಿ ಮುರಿಯಲು ಆಗುವುದಿಲ್ಲ. ವಯಸ್ಸಿನ್ನೂ ಮೂವತ್ತಾಗಿಲ್ಲ.

ಆ ಫೋರ್‌ಮನ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಹುಡುಗ ಯಾಕೆ ತಲೆ ಆಡಿಸಿದ ಅನ್ನುವುದೂ ಗೊತ್ತು. ನಾವು ಬೆಳೆದದ್ದೇ ಹಾಗೆ. ವೀಸಾ ಕೊಡಿಸಿದವರು ಕಾಕಾನಿಗೆ ಬೇಕಾದವರು, ಕೆಲಸ ಹಚ್ಚಿದವರು ಪಕ್ಕದ ಊರಿನವರು. ಅವರ ಹೆಸರು ಕೆಡಬಾರದು, ನಾಳೆ ಊರಲ್ಲಿ ಮುಖ ನೋಡಬೇಕು. ಊರಲ್ಲಿ ಈ ಸಂಕೋಚಕ್ಕೆ ಬೆಲೆ ಇತ್ತು. ಕೈ ಮುರಿದರೆ ಆಳುಗಳನ್ನು ನೋಡಿಕೊಳ್ಳುವ ಮುಕಾದಮರೇ ಮನೆಗೆ ಜೋಳ ಕಳಿಸಿದ್ದನ್ನು ನಾವು ನೋಡಿದ್ದೇವೆ. ಇಲ್ಲಿ ಕಂಪನಿ ನಡೆಯುವುದು ಕಾಗದದ ಮೇಲೆ. ಫೋರ್‌ಮನ್ ಇವತ್ತು ಇರುತ್ತಾರೆ, ನಾಳೆ ಬೇರೆ ಸೈಟಿಗೆ ಹೋಗುತ್ತಾರೆ.

ಇನ್ನೊಂದು ಅಭ್ಯಾಸ ತಡ ಮಾಡುವುದು. ಸೊಂಟ ಉಳುಕಿದರೆ ಸುಣ್ಣ ಬೆಲ್ಲ ಹಚ್ಚಿ ಮಲಗುತ್ತೇವೆ, ಇಲ್ಲವೇ ಗುಳಿಗೆ ನುಂಗಿ ಮರುದಿನ ಡ್ಯೂಟಿಗೆ ಹೋಗುತ್ತೇವೆ. ವಾರ ಬಿಟ್ಟು ಆಸ್ಪತ್ರೆಗೆ ಹೋದರೆ ಅದು ಸೈಟಿನಲ್ಲೇ ಆದದ್ದು ಅಂತ ತೋರಿಸುವುದು ಬಹಳ ಕಷ್ಟ. ಬಿಸಿಲಿನ ವಿಷಯದಲ್ಲೂ ಹಾಗೇ. ಕಲಬುರಗಿ ಬಿಸಿಲು ಕಂಡವರಿಗೆ ಇದೇನು ಅನ್ನುವ ಧೈರ್ಯ ಬೇಡ. ಇಲ್ಲಿಯ ಬಿಸಿಲಿಗೆ ಸಮುದ್ರದ ಸೆಕೆಯೂ ಸೇರಿರುತ್ತದೆ, ಬೆವರು ಆರುವುದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ ಅಂತ ನಿಯಮ ಇರುವುದು ಸುಮ್ನೆ ಅಲ್ಲ.

ಪೆಟ್ಟು ಜೋರಾಗಿದ್ದರೆ 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಪೊಲೀಸರು ಬಂದರೆ ಹೆದರಬೇಡಿ. ಅವರು ಬರೆಯುವ ರಿಪೋರ್ಟ್ ನಿಮ್ಮ ಪರವಾಗಿಯೇ ನಿಲ್ಲುವ ಸಾಕ್ಷಿ. ಡಾಕ್ಟರ್ ಹತ್ತಿರ ನೀವೇ ಮಾತಾಡಿ. ನಾವು ಊರಲ್ಲೇ ಹಿಂದಿ, ಉರ್ದು ಕೇಳಿ ಬೆಳೆದವರು, ಇಲ್ಲಿಯ ಎಷ್ಟೋ ಡಾಕ್ಟರು, ನರ್ಸುಗಳಿಗೆ ಆ ಭಾಷೆ ಬರುತ್ತದೆ. ನಿಮ್ಮ ನೋವನ್ನು ಫೋರ್‌ಮನ್ ಬಾಯಿಂದ ಹೇಳಿಸಬೇಡಿ. ಗಾಯ, ಮಷೀನು, ಜಾಗ ಎಲ್ಲದರ ಫೋಟೋ ತೆಗೆಸಿ. ಜೊತೆಗಿದ್ದವರ ಹೆಸರು, ನಂಬರ್ ಬರೆದಿಡಿ. ಕಂಪನಿಗೆ ವಾಟ್ಸಾಪ್‌ನಲ್ಲಾದರೂ ತಿಳಿಸಿ, ಬಾಯಿ ಮಾತಿಗೆ ತಾರೀಖು ಇರುವುದಿಲ್ಲ. ವಿಷಯ ಗೊತ್ತಾದ 48 ಗಂಟೆಯೊಳಗೆ ಕಂಪನಿಯವರು ಕಾರ್ಮಿಕ ಸಚಿವಾಲಯಕ್ಕೆ, ಇಲ್ಲಿ ಎಲ್ಲರೂ ಮೋಹ್ರೆ ಅನ್ನುವುದಕ್ಕೆ, ವರದಿ ಮಾಡಬೇಕು. ಮಾಡದಿದ್ದರೆ ನೀವೇ 80084ಕ್ಕೆ ಫೋನ್ ಮಾಡಿ. ದೂರು ಕೊಟ್ಟಿದ್ದಕ್ಕೇ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಭಾರತ ಸರ್ಕಾರದ ಸಹಾಯ ಕೇಂದ್ರದ ನಂಬರ್ 800 46342, ಹಿಂದಿಯಲ್ಲೇ ಮಾತಾಡಬಹುದು.

ಅಂಗ ಊನವಾದರೆ ಪರಿಹಾರ ಲೆಕ್ಕ ಹಾಕುವುದು ಬೇಸಿಕ್ ಪಗಾರದ ಮೇಲೆ. ಸಾವಿಗೆ 24 ತಿಂಗಳ ಬೇಸಿಕ್, ಅದು 18,000 ದಿರಹಂಗಿಂತ ಕಡಿಮೆ ಇರಬಾರದು, 2 ಲಕ್ಷ ದಾಟಬಾರದು. ಪೂರ್ತಿ ಅಂಗವಿಕಲತೆಗೂ ಅಷ್ಟೇ. ಬೆರಳು, ಕಣ್ಣು, ಕಾಲಿಗೆ ಇಂತಿಷ್ಟು ಶೇಕಡಾ ಅಂತ ಪಟ್ಟಿ ಇದೆ. ಹಾಗಾಗಿ ಬರುವ ಮೊದಲೇ ಕರಾರು ಪತ್ರದಲ್ಲಿ ಬೇಸಿಕ್ ಎಷ್ಟು ಅಂತ ನೋಡಿ. ಒಟ್ಟು ಪಗಾರ 1,800 ಅಂತ ಹೇಳಿ, ಬೇಸಿಕ್ 800 ಬರೆದು ಉಳಿದದ್ದನ್ನು ಭತ್ಯೆ ಅಂತ ತೋರಿಸಿದ್ದರೆ ಪರಿಹಾರ ಆ 800ರ ಮೇಲೇ ಬರುತ್ತದೆ. ವಿಸಿಟ್ ವೀಸಾದಲ್ಲಿ ಬಂದು ಕೆಲಸಕ್ಕೆ ನಿಲ್ಲಲೇಬೇಡಿ. ಕರಾರೇ ಇಲ್ಲದವನು ಯಾವ ಕಾಗದ ಹಿಡಿದು ಕೇಳುತ್ತಾನೆ? ಹೆಲ್ಮೆಟ್, ಬೆಲ್ಟ್ ಹಾಕಿಕೊಳ್ಳಿ. ಸುರಕ್ಷತೆಯ ಸೂಚನೆಯನ್ನು ಬೇಕಂತಲೇ ಮೀರಿದ್ದು ಅಂತಾದರೆ, ಕುಡಿದಿದ್ದರೆ, ಪರಿಹಾರ ತಪ್ಪಿಹೋಗುತ್ತದೆ.

ದುಡ್ಡಿನ ಮಾತು ಇಷ್ಟು. ಮನಸ್ಸಿಗೆ ಜಾಸ್ತಿ ಹತ್ತುವುದು ಬೇರೆ. ಆಳಂದದ ನಮ್ಮ ಓಣಿಯಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಮನೆ ತುಂಬ ಜನ ಇರುತ್ತಿದ್ದರು. ಒಬ್ಬರು ಹಾಲು ತಂದರೆ ಇನ್ನೊಬ್ಬರು ರೊಟ್ಟಿ, ಪುಂಡಿಪಲ್ಯ. ಇಲ್ಲಿ ಕ್ಯಾಂಪಿನಲ್ಲಿ ಬೆಳಗಿನ ಜಾವ ಬಸ್ ಹೊರಟರೆ ಇಡೀ ರೂಮ್ ಖಾಲಿ. ಗಾಯ ಆದವನು ಕತ್ತಲಾಗುವವರೆಗೆ ಮಂಚದ ಮೇಲೆ ಒಬ್ಬನೇ. ಊರಿಂದ ವಿಡಿಯೋ ಕಾಲ್ ಬಂದರೆ ಮುಖ ಮಾತ್ರ ಕಾಣುವಂತೆ ಫೋನ್ ಹಿಡಿದು "ಆರಾಮ ಅದೀನವ್ವಾ" ಅನ್ನುತ್ತಾನೆ.

ಇಲ್ಲಿ ಸಂಸಾರ ಸಮೇತ ನೆಲೆ ನಿಂತವರಿಗೂ ಒಂದು ಮಾತು. ಬಸವ ಜಯಂತಿಗೆ ಮಕ್ಕಳಿಂದ ವಚನ ಹೇಳಿಸುತ್ತೇವೆ, ಒಳ್ಳೆಯದು. ಅದೇ ಮಕ್ಕಳನ್ನು ಒಮ್ಮೆ ಕ್ಯಾಂಪಿಗೂ ಕರೆದುಕೊಂಡು ಹೋಗಿ. ರಜೆ ದಿನ ನಮ್ಮ ಮನೆಗೆ ಊಟಕ್ಕೆ ಬರುವ ಹುಡುಗರಿಂದಲೇ ನನ್ನ ಮಗಳಿಗೆ ಕಲಬುರಗಿ ಮಾತು ಬಂತು, ಇಲ್ಲೇ ಹುಟ್ಟಿದವಳಿಗೆ. ಆಸ್ಪತ್ರೆಗೆ ಜೊತೆಗೆ ಹೋಗಿ, ಬರೆದ ಚೀಟಿಯನ್ನು ಓದಿ ಹೇಳಿ. ಅರ್ಧ ದಿನದ ಕೆಲಸ, ಅವರಿಗೆ ಅದು ಮುಂದಿನ ಬದುಕು.

ಹತ್ತನೇ ತರಗತಿ ಪಾಸಾಗದೆ, ಕೊಲ್ಲಿ ದೇಶದಂಥ ಕಡೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾಗುವ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಬರುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾಗಿ ಕೆಲಸ ಕಳೆದುಕೊಂಡರೆ 10 ಲಕ್ಷ ರೂಪಾಯಿ. ಇದು ಕಂಪನಿ ಕೊಡುವ ಪರಿಹಾರಕ್ಕೆ ಸೇರಿದ್ದಲ್ಲ, ಬೇರೆ. ಅವಧಿ ಮುಗಿದರೆ ಆನ್‌ಲೈನ್‌ನಲ್ಲಿ ಮುಂದುವರಿಸಿ. ಪಾಲಿಸಿ, ಕರಾರು ಪತ್ರ, ಪಾಸ್‌ಪೋರ್ಟ್ ಮೂರರ ಜೆರಾಕ್ಸ್ ಊರಲ್ಲಿ ಹೆಂಡತಿಯ ಕೈಯಲ್ಲೋ ಅವ್ವನ ಕೈಯಲ್ಲೋ ಕೊಟ್ಟು ಬನ್ನಿ, ಯಾಕೆ ಅಂತ ಬಿಡಿಸಿ ಹೇಳಿ. ಗಾಯ ಆಗಿ ಊರಿಗೆ ವಾಪಸ್ ಹೋಗುವುದಾದರೆ ಓದದೆ ಯಾವ ಸೆಟಲ್‌ಮೆಂಟ್ ಕಾಗದಕ್ಕೂ ಸಹಿ ಹಾಕಬೇಡಿ. ಆಸ್ಪತ್ರೆಯ ಫೈಲ್ ಜೊತೆಗೇ ತೆಗೆದುಕೊಂಡು ಹೋಗಿ. ಕೆಲಸ ಮುಗಿದ ದಿನದಿಂದ 2 ವರ್ಷದವರೆಗೆ ಬಾಕಿ ಕೇಳುವ ಹಕ್ಕು ಇದೆ, ನೀವು ಸೇಡಂನಲ್ಲಿರಿ, ಸುರಪುರದಲ್ಲಿರಿ.