ಕೈ ಕಟ್ಟಿಕೊಂಡು ಕೂರುವ ಕೆಲಸ

ನಮ್ಮ ಕಡೆ ಆಡಿನ ಗಬ್ಬದ ಲೆಕ್ಕಕ್ಕೆ ಹುಣ್ಣಿಮೆ ಸಾಕು. ಕಾರಹುಣ್ಣಿಮೆ ಹೊತ್ತಿಗೆ ಹೋತ ಹಾರಿದ ಆಡು ಗೌರಿ ಹುಣ್ಣಿಮೆ ಹೊತ್ತಿಗೆ ಈಯುತ್ತದೆ. ಐದು ತಿಂಗಳು, ಅಂದರೆ ಹೆಚ್ಚುಕಮ್ಮಿ 148 ದಿನ. ಡಾಕ್ಟರು ಹೇಳುವುದು 150 ದಿನ, ಐದು ದಿನ ಹಿಂದೆ ಮುಂದೆ. ನಡುವೆ ಅಧಿಕ ಮಾಸ ಬಂದರೆ ಮಾತ್ರ ಹಿರಿಯರ ಈ ಲೆಕ್ಕ ಕೈಕೊಡುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ವಾ, ಆ ವರ್ಷ ಗೌರಿ ಹುಣ್ಣಿಮೆಗೆ ತಿಂಗಳ ಮುಂಚಿನ ಸೀಗಿ ಹುಣ್ಣಿಮೆ ಮುಗಿಯುತ್ತಲೇ ಮರಿಗಳು ಬರತೊಡಗಿದವು. ಅದಕ್ಕೇ ನಾನು ಹೋತ ಹಾರಿದ ತಾರೀಖನ್ನು ಗೋಡೆ ಮೇಲೆ ಇದ್ದಿಲಿನಲ್ಲೂ ಬರೆದಿಡುತ್ತೇನೆ.

ಲೆಕ್ಕ ಹೇಳುವುದು ಯಾವ ವಾರ ಅಂತ ಮಾತ್ರ. ಯಾವ ರಾತ್ರಿ ಅನ್ನುವುದನ್ನು ಆಡೇ ಹೇಳಬೇಕು. ಆ ವಾರ ನನ್ನ ಹಾಸಿಗೆ ಕೊಟ್ಟಿಗೆಗೆ ಬರುತ್ತದೆ. ಕುಷ್ಟಗಿ ತಾಲ್ಲೂಕಿನ ಸಣ್ಣ ಊರು ನಮ್ಮದು. ಉಸ್ಮಾನಾಬಾದಿ ತಳಿ ಬೆರಕೆಯ ಕರಿ ಆಡುಗಳೇ ಜಾಸ್ತಿ. ಅವಳಿ ಮರಿ ಇವಕ್ಕೆ ಮಾಮೂಲು, ಮೂರು ಹಾಕುವುದೂ ಉಂಟು. ತುಂಬು ಗಬ್ಬದ ಆಡನ್ನು ಕೊನೆಯ ವಾರ ಅಡವಿಗೆ ಬಿಡುವುದಿಲ್ಲ. ಬೇನೆ ಶುರುವಾದರೆ ಆಡು ಹಿಂಡು ಬಿಟ್ಟು ಜಾಲಿಗಿಡದ ಮರೆಗೆ ಹೋಗುತ್ತದೆ. ಅಲ್ಲಿ ನಾಯಿಗಳಿರುತ್ತವೆ, ತೋಳವೂ ಇರಬಹುದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸರ್ಕಾರ ತೋಳಗಳಿಗೇ ವನ್ಯಧಾಮ ಮಾಡಿದೆ. ಒಳ್ಳೇದೇ, ತೋಳಾನೂ ಬದುಕಬೇಕು. ನನ್ನ ಮರಿ ತಿಂದು ಬದುಕೋದು ಬೇಡ, ಅಷ್ಟೇ.

ಮೇವಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಮರಿ ದಪ್ಪ ಆಗುವುದು ಬಹುಪಾಲು ಕೊನೆಯ ಆರೇಳು ವಾರದಲ್ಲಿ. ಆಗ ತೊಗರಿ ಹೊಟ್ಟು, ಶೇಂಗಾ ಹೊಟ್ಟಿನ ಜೊತೆಗೆ ಗೊಂಜಾಳದ ನುಚ್ಚು ಸೇರಿಸುತ್ತೇನೆ. ಒಂದೇ ಸಲ ಬುಟ್ಟಿಗಟ್ಟಲೆ ಹಾಕಿದರೆ ಪ್ರಯೋಜನ ಇಲ್ಲ, ಮರಿ ಜಾಗ ಹಿಡಿದಿರುತ್ತದೆ, ಹೊಟ್ಟೆಗೆ ಹಿಡಿಸುವುದಿಲ್ಲ. ಸ್ವಲ್ಪ ಸ್ವಲ್ಪ, ಹಲವು ಸಲ. ಈಯುವುದಕ್ಕೆ ತಿಂಗಳ ಮುಂಚೆ ಕರುಳುಬೇನೆಯ ಲಸಿಕೆ, ಅದೇ ಇಟಿ ಲಸಿಕೆ, ಹಾಕಿಸುತ್ತೇನೆ. ಅದರ ಬಲ ಗಿಣ್ಣದ ಹಾಲಿನಲ್ಲಿ ಮರಿಗೂ ಹೋಗುತ್ತದೆ. ಕೊನೆಯ ದಿನಗಳಲ್ಲಿ ಆಡು ಮೇವು ಬಿಟ್ಟು ಮಂಕಾಗಿ ಮೂಲೆಯಲ್ಲಿ ನಿಂತರೆ ಅದು ಬೇನೆ ಅಂತ ಕಾಯಬಾರದು. ಅವಳಿ, ತ್ರಿವಳಿ ಹೊತ್ತ ಆಡಿಗೆ ಬರುವ ಗಬ್ಬದ ನಂಜು ಇರಬಹುದು. ಆಗ ಡಾಕ್ಟರನ್ನೇ ಕರೆಯಬೇಕು.

ಇನ್ನು ಗುರುತುಗಳು. ಊರಲ್ಲಿ ಎಲ್ಲರೂ ಕೆಚ್ಚಲು ನೋಡುತ್ತಾರೆ. ‘ಕೆಚ್ಚಲು ಬಿಟ್ಟೈತಿ, ಇವತ್ತೇ ಈಯ್ತದ’ ಅನ್ನುತ್ತಾರೆ. ನಾನು ಕೆಚ್ಚಲನ್ನು ಅಷ್ಟಾಗಿ ನಂಬುವುದಿಲ್ಲ. ಚೊಚ್ಚಲ ಆಡು ತಿಂಗಳ ಮುಂಚೆಯೇ ಕೆಚ್ಚಲು ಬಿಡುತ್ತದೆ. ಹಳೇ ಆಡು ಒಮ್ಮೊಮ್ಮೆ ಈಯುವ ದಿನವೇ ಬಿಡುತ್ತದೆ. ಕೆಚ್ಚಲು ಬಿಗಿದು ಹೊಳೆಯುತ್ತಿದ್ದರೆ ಮಾತ್ರ ಹತ್ತಿರ ಬಂತು ಅಂತ ಅರ್ಥ. ನಾನು ನಂಬುವುದು ಬಾಲದ ಬುಡವನ್ನು. ಅಲ್ಲಿ ಎರಡೂ ಕಡೆ ಪೆನ್ಸಿಲ್ ದಪ್ಪದ ನರದಂಥದ್ದು ಕೈಗೆ ಸಿಗುತ್ತದೆ. ದಿನಾ ಬೆಳಗ್ಗೆ ಸಂಜೆ ಒತ್ತಿ ನೋಡುತ್ತೇನೆ. ಅದು ಮೆತ್ತಗಾಗುತ್ತಾ ಹೋಗಿ ಒಂದು ದಿನ ಬೆರಳಿಗೆ ಸಿಗುವುದೇ ಇಲ್ಲ. ಅಲ್ಲಿಂದ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ. ಪಕ್ಕೆ ಕುಳಿ ಬೀಳುತ್ತದೆ, ಬಾಲದ ಬುಡ ಎದ್ದು ಕಾಣುತ್ತದೆ. ಆಮೇಲೆ ಆಡು ಕಾಲಲ್ಲಿ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ, ಇನ್ನೂ ಹುಟ್ಟದ ಮರಿ ಜೊತೆ ಮೆಲ್ಲಗೆ ಗುರುಗುಟ್ಟುತ್ತದೆ. ದಪ್ಪ ಲೋಳೆ ಉದ್ದಕ್ಕೆ ಇಳಿಬಿದ್ದರೆ ನಾನು ಟೀ ಕುಡಿಯಲು ಮನೆಗೆ ಹೋಗುವುದನ್ನೂ ನಿಲ್ಲಿಸುತ್ತೇನೆ.

ಪಕ್ಕದಲ್ಲಿ ಒಂದು ಬುಟ್ಟಿ ಇರುತ್ತದೆ. ಒಗೆದು ಬಿಸಿಲಿಗೆ ಒಣಗಿಸಿದ ಗೋಣಿಚೀಲ, ಹಳೇ ಕಾಟನ್ ಸೀರೆಯ ತುಂಡು, ಟಿಂಚರ್ ಅಯೋಡಿನ್, ಅದನ್ನು ಹಾಕಲು ಸಣ್ಣ ಬಟ್ಟಲು, ಕೈಗವಸು, ಸೋಪು, ಟಾರ್ಚು. ಕರೆಂಟಿನ ಮೇಲೆ ಭರವಸೆ ಇಡುವ ಊರಲ್ಲ ನಮ್ಮದು. ಮತ್ತೆ ಒಂದು ಗಡಿಯಾರ. ಬುಟ್ಟಿಯಲ್ಲಿ ಇದೇ ದೊಡ್ಡ ಸಾಮಾನು ಅಂತ ನನ್ನ ಲೆಕ್ಕ. ರಾತ್ರಿ ಎರಡು ಗಂಟೆಗೆ ಆಡು ಅರಚುವುದನ್ನು ಕೇಳುತ್ತಾ ಕೂತರೆ ಹತ್ತು ನಿಮಿಷ ಒಂದು ತಾಸಿನಂತೆ ಅನ್ನಿಸುತ್ತದೆ. ಕೈ ಹಾಕಬೇಕು ಅನ್ನಿಸುತ್ತದೆ, ಏನಾದರೂ ಮಾಡಬೇಕು ಅನ್ನಿಸುತ್ತದೆ. ಹಾಕಬಾರದು. ಗರ್ಭದ ಬಾಗಿಲು ಪೂರ್ತಿ ತೆರೆಯದೆ ಎಳೆದರೆ ಒಳಗೆ ಹರಿಯುತ್ತದೆ, ತೊಳೆಯದ ಕೈ ಹಾಕಿದರೆ ನಂಜಾಗುತ್ತದೆ.

ಹಾಗಾಗಿ ಹೊತ್ತು ಬರೆಯುತ್ತೇನೆ. ಚಡಪಡಿಕೆ ಹಲವು ತಾಸು ನಡೆಯಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಜೋರಾಗಿ ಮುಕ್ಕುರಿಯಲು ಶುರು ಮಾಡಿದ ಹೊತ್ತು ಮುಖ್ಯ. ಅಲ್ಲಿಂದ ಅರ್ಧ ತಾಸಿನೊಳಗೆ ನೀರಿನ ಚೀಲ, ಅದರ ಹಿಂದೆ ಎರಡು ಗೊರಸು, ಗೊರಸಿನ ಮೇಲೆ ಮೂಗು ಕಾಣಬೇಕು. ಬಾವಿಗೆ ಹಾರುವ ಹುಡುಗನ ಥರ, ಕೈ ಮುಂದೆ, ತಲೆ ಕೈ ಮೇಲೆ. ಹಾಗೆ ಕಂಡರೆ ನನಗೆ ಕೆಲಸವಿಲ್ಲ. ಹಿಂಗಾಲು ಎರಡೂ ಮೊದಲು ಬಂದರೂ ಮರಿ ಹುಟ್ಟುತ್ತದೆ. ಆದರೆ ಅರ್ಧಕ್ಕೆ ನಿಲ್ಲಬಾರದು, ಹೊಕ್ಕುಳಬಳ್ಳಿ ಒತ್ತಿ ಒಳಗೇ ಉಸಿರು ಎಳೆದುಬಿಡುತ್ತದೆ. ಸೊಂಟ ಹೊರಗೆ ಬಂದ ಮೇಲೆ ತಾಯಿ ಮುಕ್ಕುರಿದಾಗ ಕೆಳಮುಖವಾಗಿ ಮೆಲ್ಲಗೆ ಎಳೆಯುತ್ತೇನೆ. ಒಂದೇ ಕಾಲು, ಬರೀ ಬಾಲ, ಅಥವಾ ಎರಡು ಮುಂಗಾಲು ಬಂದು ತಲೆ ಇಲ್ಲ ಅಂದರೆ ಅರ್ಧ ತಾಸೂ ಕಾಯುವುದಿಲ್ಲ. ತಲೆ ಹಿಂದಕ್ಕೆ ಮಡಚಿಕೊಂಡಿರುವಾಗ ಕಾಲು ಎಳೆದರೆ ಮರಿಯೂ ಹೋಗುತ್ತದೆ, ತಾಯಿಯೂ ಹೋಗುತ್ತದೆ. ಪಶು ಆಸ್ಪತ್ರೆ ಡಾಕ್ಟರಿಗೆ ಫೋನು, ಇಲ್ಲವಾದರೆ 1962. ಅದು ಪಶು ಆಂಬುಲೆನ್ಸಿನ ನಂಬರು, ಕೊಟ್ಟಿಗೆ ಕಂಬದ ಮೇಲೆ ಬರೆದಿದ್ದೇನೆ.

ಮರಿ ನೆಲಕ್ಕೆ ಬಿದ್ದ ಮೇಲೆ ನನ್ನ ಕೈಗೆ ಕೆಲಸ. ಮೊದಲು ಮೂಗು ಬಾಯಿಯ ಲೋಳೆ ಒರೆಸುತ್ತೇನೆ. ಉಸಿರಾಡದಿದ್ದರೆ ಒಣ ಹುಲ್ಲಿನ ಕಡ್ಡಿ ಮೂಗಿನಲ್ಲಿ ಆಡಿಸಿದರೆ ಸೀನುತ್ತದೆ. ಗೋಣಿಯಲ್ಲಿ ಪಕ್ಕೆಯನ್ನು ಗಸಗಸ ತಿಕ್ಕಬೇಕು. ಆಮೇಲೆ ತಾಯಿ ಮುಂದೆ ಇಟ್ಟು ಹಿಂದೆ ಸರಿಯುತ್ತೇನೆ. ಅದು ನೆಕ್ಕಿದಷ್ಟೂ ಒಳ್ಳೇದು, ಮರಿ ಒಣಗುತ್ತದೆ, ಗುರುತೂ ಹಿಡಿಯುತ್ತದೆ. ಹೊಕ್ಕುಳಬಳ್ಳಿಯನ್ನು ಅಯೋಡಿನ್ ಬಟ್ಟಲಲ್ಲಿ ಪೂರ್ತಿ ಅದ್ದುತ್ತೇನೆ. ಕೆಲವರು ಅರಿಶಿನ ಹಚ್ಚುತ್ತಾರೆ, ಬೂದಿ ಹಚ್ಚುತ್ತಾರೆ. ಬೂದಿ ಮಾತ್ರ ಬೇಡ.

ಗಿಣ್ಣದ ಹಾಲಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮಾಸು, ಅಂದರೆ ಮರಿಯ ಹಿಂದೆ ಬೀಳುವ ಪೊರೆ, ಬೀಳುವ ತನಕ ಮರಿಗೆ ಮೊಲೆ ಕೊಡಬಾರದು ಅನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ನನ್ನ ಕೊಟ್ಟಿಗೆಯಲ್ಲಿ ಅದು ನಡೆಯುವುದಿಲ್ಲ. ಹೊಟ್ಟೆಯಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಆಡಿನ ಮರಿಗೆ ದಾಟುವುದಿಲ್ಲ, ಗಿಣ್ಣದಲ್ಲೇ ಬರಬೇಕು. ಹೊತ್ತು ಕಳೆದಂತೆ ಮರಿಯ ಕರುಳು ಅದನ್ನು ಹೀರುವುದೂ ಕಮ್ಮಿಯಾಗುತ್ತದೆ. ಹುಟ್ಟಿ ಒಂದು ತಾಸಿನೊಳಗೆ ಕುಡಿಯಲೇಬೇಕು. ಮರಿ ಚೀಪಿದರೆ ಮಾಸು ಬೀಳುವುದಕ್ಕೂ ಸಹಾಯವೇ. ಮೊಲೆತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಒಂದೆರಡು ಸಲ ಹಿಂಡಿ ತೆಗೆದು ಬಾಯಿಗೆ ಇಡುತ್ತೇನೆ. ಮೊದಲ ದಿನ ಮರಿ ತೂಕದ ಹತ್ತನೇ ಒಂದು ಪಾಲು ಗಿಣ್ಣ ಹೊಟ್ಟೆಗೆ ಹೋಗಬೇಕು. ಎರಡು ಕಿಲೋ ಮರಿಗೆ 200 ಮಿಲಿ, ಮೂರ್ನಾಲ್ಕು ಸಲವಾಗಿ.

ಕೊಪ್ಪಳದ ಗವಿಮಠದ ಜಾತ್ರೆ ಹೊತ್ತಿಗೆ ಈಯುವ ಆಡುಗಳ ಮರಿಗೆ ಚಳಿಯದೇ ಕಾಟ. ಬೆರಳನ್ನು ಬಾಯೊಳಗೆ ಇಟ್ಟು ನೋಡಬೇಕು. ತಣ್ಣಗಿದ್ದರೆ ಮರಿ ಕಷ್ಟದಲ್ಲಿದೆ. ಅಂಥ ಮರಿಗೆ ತಕ್ಷಣ ಹಾಲು ಹೊಯ್ಯಬೇಡಿ. ಮೈ ತಣ್ಣಗಿರುವಾಗ ಹಾಲು ಜೀರ್ಣ ಆಗುವುದಿಲ್ಲ, ಚೀಪುವ ಶಕ್ತಿ ಇಲ್ಲದ್ದಕ್ಕೆ ಹೊಯ್ದರೆ ಶ್ವಾಸಕ್ಕೂ ಹೋಗುತ್ತದೆ. ಮೊದಲು ಕಂಬಳಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಎರಡೂ ಪಕ್ಕ. ಬಾಯಿ ಬೆಚ್ಚಗಾದ ಮೇಲೆ ಹಾಲು.

ತಾಯಿಗೆ ಉಗುರುಬೆಚ್ಚನೆ ಬೆಲ್ಲದ ನೀರು ಕೊಡುತ್ತೇನೆ. ಬಾಣಂತಿ ಅಂತ ಕಾಳು ಸುರಿಯುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಮಾಸು ಕೆಲವು ತಾಸಿನಲ್ಲಿ ತಾನೇ ಬೀಳುತ್ತದೆ. ಜೋತಾಡುತ್ತಿದೆ ಅಂತ ಎಳೆಯುವುದಿಲ್ಲ, ಕಲ್ಲು ಕಟ್ಟುವುದಿಲ್ಲ. 12 ತಾಸು ದಾಟಿದರೆ ಡಾಕ್ಟರು. ಬಿದ್ದದ್ದನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುತ್ತೇನೆ. ಬ್ರುಸೆಲ್ಲೋಸಿಸ್ ಅನ್ನುವ ರೋಗ ಮಾಸಿನಿಂದ ಮನುಷ್ಯರಿಗೂ ಬರುತ್ತದೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಈ ದಿನಗಳಲ್ಲಿ ಕೊಟ್ಟಿಗೆ ಕಡೆ ಬರುವುದೇ ಬೇಡ.

ಮರಿ ಒಲ್ಲೆ ಅನ್ನುವ ತಾಯಂದಿರೂ ಇರುತ್ತಾರೆ, ಅದರಲ್ಲೂ ಚೊಚ್ಚಲದವು. ಅಂಥದ್ದನ್ನು ಮರಿ ಜೊತೆ ಇಕ್ಕಟ್ಟಿನ ಜಾಗದಲ್ಲಿ ಕಟ್ಟಿ, ಮಾಸಿನ ನೀರನ್ನು ಮರಿ ಬೆನ್ನಿಗೆ ಸವರಿ, ತಾಯಿಯನ್ನು ಹಿಡಿದು ನಿಲ್ಲಿಸಿ ಕುಡಿಸುತ್ತೇನೆ. ಬಹಳಷ್ಟು ಸಲ ಒಂದೆರಡು ದಿನಕ್ಕೆ ದಾರಿಗೆ ಬರುತ್ತವೆ. ಎರಡನೇ ಸೂಲಿನಲ್ಲೂ ಒದೆಯುವ ಆಡಿನ ಹೆಸರಿನ ಮುಂದೆ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತದೆ. ಮರಿ ಮೇವಿಗೆ ಬಿದ್ದ ಮೇಲೆ ಅದು ಸಂತೆಗೆ. ಅದರ ಹೆಣ್ಣುಮರಿ ಎಷ್ಟೇ ಚೆಂದ ಇದ್ದರೂ ನಾನು ಸಾಕಲು ಇಟ್ಟುಕೊಳ್ಳುವುದಿಲ್ಲ. ನಮ್ಮ ಮನೆಯವಳು ಇದಕ್ಕೆ ಇನ್ನೂ ಒಪ್ಪಿಲ್ಲ.