ಸ್ಲೋ ಕುಕ್ಕರ್‌ನಲ್ಲಿ ಬಾರ್ಬೆಕ್ಯೂ ಚಿಕನ್: ದಾವಣಗೆರೆಯ ನಮ್ಮ ಮನೆಯ ಕ್ರಮ

ಸ್ಲೋ ಕುಕ್ಕರ್ ಮಾಂಸವನ್ನು ಮೆತ್ತಗೆ ಬೇಯಿಸುತ್ತದೆಯೇ ಹೊರತು ಅದಕ್ಕೆ ಬಾರ್ಬೆಕ್ಯೂ ರುಚಿಯನ್ನು ಕೊಡುವುದಿಲ್ಲ. ಕೋಳಿಯನ್ನು ಮಡಕೆಗೆ ಹಾಕುವ ಮೊದಲು ಕಾಲು ಗಂಟೆ, ಹೊರಗೆ ತೆಗೆದ ಮೇಲೆ ಕಾಲು ಗಂಟೆ ನಾವು ಒಲೆಯ ಮುಂದೆ ನಿಂತು ಮಾಡುವ ಕೆಲಸದಿಂದಲೇ ಆ ರುಚಿ ಬರುತ್ತದೆ. ನಡುವಿನ ಐದಾರು ಗಂಟೆ ಮಾತ್ರ ಯಂತ್ರದ್ದು. ಎಲ್ಲವನ್ನೂ ಒಟ್ಟಿಗೆ ಸುರಿದು, ಗುಂಡಿ ತಿರುಗಿಸಿ, ಸಂಜೆ ಬಂದು ಬಡಿಸಿದರೆ ಸಿಗುವುದು ಸಿಹಿಯಾದ, ತೆಳ್ಳಗಿನ ಒಂದು ಕೋಳಿ ಸಾರು. ದಾವಣಗೆರೆಯ ನಮ್ಮ ಮನೆಯಲ್ಲಿ ಈ ಅಡುಗೆ ವಾರದ ದಿನಗಳಲ್ಲಿಯೇ ನಡೆಯುತ್ತದೆ. ನಾನು ಪ್ರೌಢಶಾಲೆಯ ಪಾಠ ಮುಗಿಸಿ ಮನೆ ಸೇರುವಾಗ ಸಂಜೆ ಐದೂವರೆಯಾಗುತ್ತದೆ. ಮಕ್ಕಳಿಗೆ ಎಂಟರೊಳಗೆ ಊಟವಾಗಬೇಕು. ನಮ್ಮ ಮನೆಯವರು ಅಂಗಡಿ ಬಾಗಿಲು ಹಾಕಿ ಬರುವುದು ಒಂಬತ್ತೂವರೆಗೆ. ಅತ್ತೆಯವರಿಗೆ ಗಟ್ಟಿಯಾದ ಮಾಂಸವನ್ನು ಅಗಿಯಲು ಹಲ್ಲಿನ ಬಲವಿಲ್ಲ. ಈ ನಾಲ್ಕು ಅಗತ್ಯಗಳಿಗೂ ಒಂದೇ ಅಡುಗೆ ಒದಗಬೇಕಾಗಿದ್ದರಿಂದ ನಾನು ಈ ಕ್ರಮವನ್ನು ರೂಢಿಸಿಕೊಂಡೆ.

ಉಪಕರಣದ ರಚನೆ ಸರಳವಾದುದು. ಹೊರಗಿನ ಕವಚದಲ್ಲಿ ಬಿಸಿಯಾಗುವ ಸುರುಳಿ, ಅದರೊಳಗೆ ದಪ್ಪ ಪಿಂಗಾಣಿಯ ಮಡಕೆ, ಮೇಲೆ ಗಾಜಿನ ಮುಚ್ಚಳ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರು ಇಂತಹ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದರು. 1971ರಲ್ಲಿ ರೈವಲ್ ಕಂಪನಿ ಅದನ್ನು ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಮನೆಗಳಿಗೆ ಅದು ಬೇಗನೆ ಹಬ್ಬಿತು. ಹಳ್ಳಿಯ ಮನೆಗಳಲ್ಲಿ ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗೆಯನ್ನು ಇಡೀ ದಿನ ಬಿಟ್ಟು ಕೆಂಪು ಕೆನೆ ಬರಿಸುತ್ತಿದ್ದುದನ್ನು ನೋಡಿದವರಿಗೆ ಇದರ ತತ್ವವನ್ನು ವಿವರಿಸಬೇಕಾಗಿಲ್ಲ. ಗುಂಡಿಯಲ್ಲಿ ಲೋ, ಹೈ ಎಂದು ಎರಡು ಮಟ್ಟಗಳಿದ್ದರೂ ಸಾಮಾನ್ಯವಾಗಿ ಎರಡೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ, ಕುದಿಯುವ ಹಂತಕ್ಕಿಂತ ಸ್ವಲ್ಪ ಕೆಳಗೆ. ಲೋ ಅಲ್ಲಿಗೆ ನಿಧಾನವಾಗಿ ತಲುಪುತ್ತದೆ, ಅಷ್ಟೇ. ಪ್ರೆಷರ್ ಕುಕ್ಕರ್‌ನ ಒಳಗೆ ಬಿಸಿ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದರಿಂದ ಬೆಲ್ಲ ಮತ್ತು ಟೊಮೆಟೊ ಇರುವ ಗಟ್ಟಿ ಸಾಸ್ ತಳ ಹಿಡಿಯುತ್ತದೆ, ಫಾರಂ ಕೋಳಿಯ ಮಾಂಸ ಕೆಲವೇ ನಿಮಿಷಗಳಲ್ಲಿ ಎಳೆ ಎಳೆಯಾಗಿ ಬಿಟ್ಟುಹೋಗುತ್ತದೆ. ಆದ್ದರಿಂದ ಈ ಅಡುಗೆಗೆ ನಾನು ಅದನ್ನು ಬಳಸುವುದಿಲ್ಲ.

ಕೋಳಿಯ ಯಾವ ಭಾಗವನ್ನು ತರಬೇಕು ಎಂಬುದು ಮುಖ್ಯವಾದ ನಿರ್ಧಾರ. ನಾನು ಅಂಗಡಿಯಲ್ಲಿ ಚರ್ಮ ತೆಗೆದ ಲೆಗ್ ಪೀಸ್‌ಗಳನ್ನೇ, ಮೂಳೆಸಹಿತವಾಗಿ, ತೊಡೆ ಮತ್ತು ಕಾಲನ್ನು ಬೇರೆ ಮಾಡಿಸಿ ಒಂದು ಕಿಲೋ ಕೊಳ್ಳುತ್ತೇನೆ. ತೊಡೆಯ ಮಾಂಸದಲ್ಲಿ ಕೊಲಾಜೆನ್ ಎಂಬ ನಾರಿನಂತಹ ಅಂಶವೂ ಕೊಬ್ಬೂ ಹೆಚ್ಚಾಗಿರುತ್ತವೆ. ನಿಧಾನವಾದ ತೇವದ ಬಿಸಿಯಲ್ಲಿ ಆ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ, ಮಾಂಸಕ್ಕೆ ಮೆದುತನವನ್ನೂ ಸಾಸ್‌ಗೆ ಅಂಟುಗುಣವನ್ನೂ ಕೊಡುತ್ತದೆ. ಎದೆಯ ಮಾಂಸದಲ್ಲಿ ಇವೆರಡೂ ಕಡಿಮೆಯಿರುವುದರಿಂದ ಐದು ಗಂಟೆ ಬೆಂದರೆ ಸಾಸ್‌ನೊಳಗೆ ಮುಳುಗಿದ್ದರೂ ಅದು ಒಣ ಒಣವಾಗಿರುತ್ತದೆ. ಎದೆಯೇ ಬೇಕೆನ್ನುವವರು ಲೋ ಮಟ್ಟದಲ್ಲಿ ಮೂರು ಗಂಟೆಗೇ ನೋಡಿ ತೆಗೆಯಬೇಕು. ಚರ್ಮವನ್ನು ಬಿಡುವುದಕ್ಕೂ ಕಾರಣವಿದೆ: ಹಬೆಯಲ್ಲಿ ಬೆಂದ ಚರ್ಮ ಗರಿಯಾಗದೆ ರಬ್ಬರಿನಂತಾಗುತ್ತದೆ, ಅದರ ಕೊಬ್ಬೆಲ್ಲ ಸಾಸ್‌ನ ಮೇಲೆ ತೇಲುತ್ತದೆ. ನಾಟಿ ಕೋಳಿಯನ್ನೂ ಹೀಗೆ ಮಾಡಬಹುದು, ಆದರೆ ಅದಕ್ಕೆ ಏಳೆಂಟು ಗಂಟೆ ಬೇಕು. ನನ್ನ ಅಭಿಪ್ರಾಯದಲ್ಲಿ ನಾಟಿ ಕೋಳಿಯ ಗುಣವಿರುವುದು ಅದರ ಸಾರಿನಲ್ಲಿ. ಸಿಹಿ ಹುಳಿ ಸಾಸ್‌ನಲ್ಲಿ ಅದನ್ನು ಮುಚ್ಚಿಹಾಕುವುದು ತರವಲ್ಲ.

ಇನ್ನು ಸಾಸ್. ಅಮೆರಿಕದಲ್ಲಿ ಬಾರ್ಬೆಕ್ಯೂ ಸಾಸ್ ಎಂಬುದು ಒಂದೇ ವಸ್ತುವಲ್ಲ. ಕ್ಯಾನ್ಸಸ್ ಸಿಟಿಯದು ಟೊಮೆಟೊ ಮತ್ತು ಕಾಕಂಬಿಯ ಗಟ್ಟಿ ಸಾಸ್. ಉತ್ತರ ಕೆರೊಲೈನಾದ ಪೂರ್ವಭಾಗದ್ದು ವಿನಿಗರ್ ಮತ್ತು ಮೆಣಸಿನಕಾಯಿಯ ನೀರು ಸಾಸ್. ದಕ್ಷಿಣ ಕೆರೊಲೈನಾದಲ್ಲಿ ಸಾಸಿವೆಯ ಹಳದಿ ಸಾಸ್ ಪ್ರಸಿದ್ಧ. ಉತ್ತರ ಅಲಬಾಮಾದವರು ಕೋಳಿಗೆ ಮೇಯನೇಸ್‌ನ ಬಿಳಿ ಸಾಸ್ ಸವರುತ್ತಾರೆ. ಸ್ಲೋ ಕುಕ್ಕರ್‌ಗೆ ಹೊಂದುವುದು ಮೊದಲನೆಯ ಬಗೆ. ಅದಕ್ಕೆ ಬೇಕಾದ ಸಿಹಿ, ಹುಳಿ, ಬಣ್ಣ ಮತ್ತು ಹೊಗೆ ಎಂಬ ನಾಲ್ಕು ಗುಣಗಳಲ್ಲಿ ಮೊದಲ ಮೂರು ನಮ್ಮ ಪೇಟೆಯಲ್ಲಿಯೇ ಉತ್ತಮ ದರ್ಜೆಯಲ್ಲಿ ಸಿಗುತ್ತವೆ ಎಂಬುದನ್ನು ನಾನು ಸಂತೋಷದಿಂದ ಹೇಳುತ್ತೇನೆ. ಬಾಟಲಿಯಲ್ಲಿ ಸಿಗುವ ಸಿದ್ಧ ಸಾಸ್‌ಗಿಂತ ಮನೆಯಲ್ಲಿ ಮಾಡಿದ್ದು ಎಷ್ಟೋ ಮೇಲು.

ಬಣ್ಣಕ್ಕೆ ಅಲ್ಲಿಯವರು ಪ್ಯಾಪ್ರಿಕಾ ಪುಡಿ ಬಳಸುವ ಜಾಗದಲ್ಲಿ ನಾನು ಬ್ಯಾಡಗಿ ಮೆಣಸಿನಕಾಯಿಯನ್ನು ಬಳಸುತ್ತೇನೆ. ಹರಿಹರ, ರಾಣೆಬೆನ್ನೂರು ದಾಟಿದರೆ ಸಿಗುವ ಬ್ಯಾಡಗಿಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಅದರ ಗುಣವೇ ಮಕ್ಕಳೂ ತಿನ್ನುವ ಈ ಸಾಸ್‌ಗೆ ಬೇಕಾದುದು. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಲ್ಲಿ ನಾನು ಗಿಡ್ಡಗೆ, ಅಗಲವಾಗಿರುವ ಡಬ್ಬಿಯನ್ನು ಆರಿಸಿ, ಬೀಜ ಉದುರಿಸಿ, ಎಂಟನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬುತ್ತೇನೆ. ಸಿಹಿಗೆ 60 ಗ್ರಾಂ ಕಪ್ಪು ಬೆಲ್ಲ. ಬೆಲ್ಲದಿಂದ ಕಾಕಂಬಿಯನ್ನು ಬೇರ್ಪಡಿಸಿರುವುದಿಲ್ಲವಾದ್ದರಿಂದ ಅಲ್ಲಿಯವರು ಕಂದು ಸಕ್ಕರೆಯಿಂದಲೂ ಕಾಕಂಬಿಯಿಂದಲೂ ಪಡೆಯುವ ಗಾಢವಾದ ರುಚಿಯನ್ನು ಇದೊಂದೇ ಕೊಡುತ್ತದೆ. ಬೆಳ್ಳಗೆ ಕಾಣುವ ಬೆಲ್ಲದಲ್ಲಿ ಆ ರುಚಿ ಇಲ್ಲ. ಹುಳಿಗೆ ಮೂರು ದೊಡ್ಡ ಚಮಚ ವಿನಿಗರ್ ಮತ್ತು ಎರಡು ಚಮಚ ಗಟ್ಟಿ ಹುಣಸೆ ರಸ. ಪಾಶ್ಚಾತ್ಯ ಪಾಕವಿಧಾನಗಳಲ್ಲಿ ಬರುವ ವೂಸ್ಟರ್‌ಶೈರ್ ಸಾಸ್‌ನಲ್ಲಿಯೂ ಹುಣಸೆಹಣ್ಣು ಇರುವುದರಿಂದ ಈ ಬದಲಾವಣೆ ಅಸಹಜವಲ್ಲ. ಇವುಗಳ ಜೊತೆಗೆ ಒಂದು ಲೋಟದಷ್ಟು ಟೊಮೆಟೊ ಕೆಚಪ್, ಎರಡು ದೊಡ್ಡ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸಿನ ಪುಡಿ, ಎರಡು ದೊಡ್ಡ ಚಮಚ ಬೆಣ್ಣೆ. ದೋಸೆಗಾಗಿಯೇ ಹೆಸರಾದ ಈ ಊರಿನಲ್ಲಿ ಒಳ್ಳೆಯ ಬೆಣ್ಣೆಗೆ ಹುಡುಕಬೇಕಾಗಿಲ್ಲ. ಕೆಚಪ್‌ನಲ್ಲಿ ಉಪ್ಪು ಇದ್ದೇ ಇರುವುದರಿಂದ ಮೊದಲಿಗೆ ಒಂದು ಸಣ್ಣ ಚಮಚ ಉಪ್ಪು ಮಾತ್ರ ಹಾಕಿ, ಉಳಿದದ್ದನ್ನು ಕೊನೆಯಲ್ಲಿ ರುಚಿ ನೋಡಿ ಸೇರಿಸುವುದು ಒಳ್ಳೆಯದು.

ಒಲೆಯ ಮುಂದಿನ ಮೊದಲ ಕಾಲು ಗಂಟೆ ಈಗ ಬರುತ್ತದೆ. ಈರುಳ್ಳಿಯಾಗಲಿ ಮಾಂಸವಾಗಲಿ ಚೆನ್ನಾಗಿ ಕಂದುಬಣ್ಣಕ್ಕೆ ತಿರುಗಲು 140 ಡಿಗ್ರಿಯ ಆಸುಪಾಸಿನ ಒಣ ಬಿಸಿ ಬೇಕು. ನೀರಿನಂಶವಿರುವ ಮಡಕೆಯೊಳಗೆ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ. ಹಸಿ ಈರುಳ್ಳಿಯನ್ನು ನೇರವಾಗಿ ಹಾಕಿದರೆ ಆರು ಗಂಟೆಯ ನಂತರವೂ ಅದರ ಹಸಿ ವಾಸನೆ ಉಳಿಯುವುದಕ್ಕೆ ಇದೇ ಕಾರಣ. ಆದ್ದರಿಂದ ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಅಂಚು ಕೆಂಪಾಗುವವರೆಗೆ ಹುರಿದು, ಬೆಳ್ಳುಳ್ಳಿ ಹಾಕಿ, ರುಬ್ಬಿದ ಮೆಣಸಿನಕಾಯಿಯನ್ನು ಬೆಣ್ಣೆ ಬಿಡುವವರೆಗೆ ಬಾಡಿಸಿ, ಆಮೇಲೆ ಬೆಲ್ಲ, ಹುಣಸೆ ರಸ, ವಿನಿಗರ್, ಕೆಚಪ್, ಉಪ್ಪು ಮತ್ತು ಕಾಳುಮೆಣಸನ್ನು ಸೇರಿಸಿ ಒಂದು ಕುದಿ ಬರಿಸುತ್ತೇನೆ. ಈ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ, ಆರಿದ ಸಾಸ್ ಒಂದು ಡಬ್ಬಿಯಲ್ಲಿ, ತೊಳೆದು ನೀರು ಬಸಿದ ಕೋಳಿ ಇನ್ನೊಂದು ಡಬ್ಬಿಯಲ್ಲಿ ಫ್ರಿಜ್ಜಿಗೆ ಹೋಗುತ್ತವೆ. ಮಡಕೆಯನ್ನೇ ತುಂಬಿ ಫ್ರಿಜ್ಜಿನಲ್ಲಿಡುವುದು ಸರಿಯಲ್ಲ. ತಣ್ಣಗಿನ ಪಿಂಗಾಣಿ ಒಮ್ಮೆಲೇ ಬಿಸಿ ತಗುಲಿ ಬಿರುಕು ಬಿಡಬಹುದು. ಬಿಡದಿದ್ದರೂ ಅದು ಕಾಯುವಷ್ಟು ಹೊತ್ತು ಮಾಂಸ ಉಗುರುಬೆಚ್ಚಗೇ ಉಳಿಯುತ್ತದೆ.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅತ್ತೆಯವರು ಸಾಸ್ ಅನ್ನು ಒಲೆಯ ಮೇಲೆ ಕುದಿಸಿ, ಕೋಳಿಯನ್ನು ಮಡಕೆಯ ತಳದಲ್ಲಿ ಜೋಡಿಸಿ, ಮೇಲೆ ಸುರಿದು, ಲೋ ಮಟ್ಟಕ್ಕೆ ತಿರುಗಿಸುತ್ತಾರೆ. ನೀರನ್ನು ಒಂದು ಹನಿಯೂ ಹಾಕಬಾರದು. ಆರಂಭದ ದಿನಗಳಲ್ಲಿ ಅವರು, “ನೀರೇ ಹಾಕಿಲ್ಲಲ್ಲವ್ವಾ, ಸೀದು ಹೋಗಲ್ವೇನು?” ಎಂದು ಕೇಳುತ್ತಿದ್ದರು. “ಇಲ್ರೀ ಅತ್ತಿ, ಕೋಳಿನೇ ನೀರು ಬಿಡ್ತೈತಿ” ಎಂದು ನಾನು ಹೇಳುತ್ತಿದ್ದೆ. ಮುಚ್ಚಳದಿಂದ ಹಬೆ ಹೊರಹೋಗದೆ ಮತ್ತೆ ಒಳಗೇ ಇಳಿಯುವುದರಿಂದ ಮಾಂಸ ಬಿಟ್ಟ ನೀರೆಲ್ಲ ಮಡಕೆಯಲ್ಲಿ ಉಳಿಯುತ್ತದೆ, ಸಂಜೆಗೆ ಸಾಸ್ ಇಮ್ಮಡಿಯಾದಂತೆ ಕಾಣುತ್ತದೆ. ಈಗ ಅವರೇ ನೆರೆಮನೆಯವರಿಗೆ ಇದನ್ನು ವಿವರಿಸುತ್ತಾರೆ.

ಸಮಯ ಮತ್ತು ಸುರಕ್ಷತೆಯ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಮೂಳೆಸಹಿತ ತೊಡೆ ಮತ್ತು ಕಾಲಿಗೆ ಲೋ ಮಟ್ಟದಲ್ಲಿ ಐದರಿಂದ ಆರು ಗಂಟೆ, ಹೈ ಮಟ್ಟದಲ್ಲಿ ಸುಮಾರು ಮೂರು ಗಂಟೆ ಸಾಕು. ಕೋಳಿಯ ದಪ್ಪ ಭಾಗದ ಒಳಬಿಸಿ ಕನಿಷ್ಠ 74 ಡಿಗ್ರಿ ಮುಟ್ಟಿರಬೇಕು. ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಂಡಿಟ್ಟುಕೊಂಡರೆ ಊಹೆಗೆ ಅವಕಾಶವಿರುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುವುದರಿಂದ ಮಾಂಸ ಆ ವಲಯವನ್ನು ಬೇಗ ದಾಟಬೇಕು. ಫ್ರೀಜರ್‌ನಲ್ಲಿ ಕಲ್ಲಾದ ಕೋಳಿಯನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಬಾರದು ಎನ್ನುವುದು ಇದಕ್ಕಾಗಿಯೇ. ಟೈಮರ್ ಇರುವ ಕುಕ್ಕರ್‌ನಲ್ಲಿ ಹಸಿ ಕೋಳಿಯನ್ನು ಬೆಳಿಗ್ಗೆ ತುಂಬಿಟ್ಟು ಮಧ್ಯಾಹ್ನ ತಾನೇ ಶುರುವಾಗುವಂತೆ ಇಡುವುದೂ, ಬೇಸಿಗೆಯ ಬಿಸಿಲು ಇಷ್ಟು ಕಾಯುವ ನಮ್ಮ ಬಯಲುಸೀಮೆಯಲ್ಲಂತೂ, ಅಪಾಯಕರ. ಬೇಯುತ್ತಿರುವಾಗ ವಿದ್ಯುತ್ ಹೋದರೆ ಮನೆಯಲ್ಲಿರುವವರು ಎಲ್ಲವನ್ನೂ ಪಾತ್ರೆಗೆ ಸುರಿದು ಗ್ಯಾಸ್ ಒಲೆಯ ಮೇಲೆ ಬೇಯಿಸಿ ಮುಗಿಸಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದು, ವಿದ್ಯುತ್ ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ ಅದನ್ನು ಚೆಲ್ಲುವುದೇ ಸರಿ. ಮುಚ್ಚಳವನ್ನು ಪದೇ ಪದೇ ತೆಗೆದು ನೋಡಬಾರದು. ಒಮ್ಮೆ ತೆಗೆದರೆ ಕಳೆದುಹೋದ ಬಿಸಿ ಮರಳಲು ಇಪ್ಪತ್ತು ನಿಮಿಷವಾದರೂ ಬೇಕು.

ಎರಡನೆಯ ಕಾಲು ಗಂಟೆಯಲ್ಲಿ ಅಡುಗೆ ತನ್ನ ಹೆಸರಿಗೆ ತಕ್ಕದ್ದಾಗುತ್ತದೆ. ಸಂಜೆ ಆರೂವರೆಯ ಹೊತ್ತಿಗೆ ಕೋಳಿಯ ತುಂಡುಗಳನ್ನು ಮುರಿಯದಂತೆ ಜೋಪಾನವಾಗಿ ತಟ್ಟೆಗೆ ತೆಗೆದು, ಸಾಸ್ ಅನ್ನು ಅಗಲವಾದ ಬಾಣಲೆಗೆ ಸುರಿದು ದೊಡ್ಡ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬತ್ತಿಸುತ್ತೇನೆ. ಸೌಟಿನ ಹಿಂಬದಿಗೆ ಅಂಟಿ ನಿಲ್ಲುವ ಹದ ಬಂದಾಗ ಒಂದು ಚಮಚ ಸಾಸಿವೆಯನ್ನು ತಣ್ಣೀರಿನಲ್ಲಿ ಅರೆದು ಸೇರಿಸಿ ಉರಿ ಆರಿಸುತ್ತೇನೆ. ಅರೆದ ಸಾಸಿವೆಯ ಘಾಟು ಹೆಚ್ಚು ಹೊತ್ತು ಕುದಿದರೆ ಹೋಗಿಬಿಡುವುದರಿಂದ ಅದು ಕೊನೆಯಲ್ಲಿಯೇ ಬೀಳಬೇಕು. ಇತ್ತ ರೊಟ್ಟಿಯ ಕಬ್ಬಿಣದ ಹಂಚನ್ನು ಚೆನ್ನಾಗಿ ಕಾಯಿಸಿ, ಬೆಣ್ಣೆ ಸವರಿ, ತುಂಡುಗಳಿಗೆ ಗಟ್ಟಿ ಸಾಸ್ ಹಚ್ಚಿ ಒಂದೊಂದು ಮಗ್ಗುಲಿಗೂ ಒಂದೂವರೆ ನಿಮಿಷ ಇಡುತ್ತೇನೆ. ಬೆಲ್ಲ ಕಂದಿ, ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿ, ಹೊರಗೆ ತೆಳ್ಳನೆಯ ಪದರ ಕಟ್ಟುತ್ತದೆ. ಮಡಕೆ ಎಷ್ಟು ಗಂಟೆ ಬೇಯಿಸಿದರೂ ಈ ಪದರವನ್ನು ಕೊಡಲಾರದು.

ಹೊಗೆಗೆ ತೆಂಗಿನ ಕರಟದ ಇದ್ದಿಲು ನನಗೆ ಬಹಳ ಇಷ್ಟ. ಒಂದು ತುಂಡನ್ನು ಒಲೆಯ ಉರಿಯಲ್ಲಿ ಪೂರ್ತಿ ಕೆಂಪಾಗಿಸಿ, ಸಣ್ಣ ಸ್ಟೀಲ್ ಬಟ್ಟಲಿನಲ್ಲಿಟ್ಟು ಕೋಳಿಯ ನಡುವೆ ಇರಿಸಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಕೂಡಲೇ ಮುಚ್ಚಿ ನಾಲ್ಕು ನಿಮಿಷ ಬಿಟ್ಟರೆ ಸಾಕು. ಅದಕ್ಕಿಂತ ಹೆಚ್ಚಾದರೆ ಹೊಗೆ ಕಹಿಯಾಗುತ್ತದೆ. ಕೆಂಡದಿಂದ ವಿಷಾನಿಲ ಹೊರಡುವುದರಿಂದ ಅಡುಗೆಮನೆಯ ಕಿಟಕಿ ತೆರೆದಿರಲೇಬೇಕು. ಸೌದೆಯ ಹೊಗೆಯಲ್ಲಿ ಗಂಟೆಗಟ್ಟಲೆ ಬೆಂದ ನಿಜವಾದ ಬಾರ್ಬೆಕ್ಯೂಗೆ ಇದು ಸಮನೆಂದು ನಾನು ಹೇಳುವುದಿಲ್ಲ. ವಾರದ ನಡುವಿನ ಒಂದು ರಾತ್ರಿಯ ಊಟಕ್ಕೆ ಇದು ತೃಪ್ತಿಕರ.

ಮಕ್ಕಳಿಗೆ ಮೂಳೆ ಬಿಡಿಸಿ, ಎಳೆ ಮಾಡಿ, ಬನ್ನಿನ ನಡುವೆ ಸೌತೆಕಾಯಿಯೊಂದಿಗೆ ಇಟ್ಟುಕೊಡುತ್ತೇನೆ. ಅತ್ತೆಯವರೂ ನಾನೂ ಜೋಳದ ರೊಟ್ಟಿ, ಹಸಿ ಈರುಳ್ಳಿ, ಮೊಸರಿನೊಂದಿಗೆ ತಿನ್ನುತ್ತೇವೆ. ಸಿಹಿ ಹುಳಿಯ ಸಾಸ್‌ಗೆ ಜೋಳದ ಸಪ್ಪೆ ಗುಣ ಬಹಳ ಚೆನ್ನಾಗಿ ಹೊಂದುತ್ತದೆ, ಅನ್ನ ಅಷ್ಟು ಹೊಂದುವುದಿಲ್ಲ. ತಡವಾಗಿ ಬರುವವರ ಪಾಲನ್ನು ಮತ್ತೆ ಮಡಕೆಗೆ ಹಾಕಿ ವಾರ್ಮ್ ಮಟ್ಟದಲ್ಲಿಡುತ್ತೇನೆ. ಆ ಮಟ್ಟ ಆಹಾರವನ್ನು 60 ಡಿಗ್ರಿಗಿಂತ ಮೇಲೆ ಕಾಯುವುದರಿಂದ ಒಂದೆರಡು ಗಂಟೆ ಚಿಂತೆಯಿಲ್ಲ. ನಮ್ಮ ಮೂರೂವರೆ ಲೀಟರಿನ ಕುಕ್ಕರ್ 200 ವ್ಯಾಟ್‌ನದು, ಆರು ಗಂಟೆಗೆ 1.2 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬಳಸುವುದಿಲ್ಲ.

ಉಳಿದದ್ದನ್ನು ಮಡಕೆಯಲ್ಲಿಯೇ ಬಿಡದೆ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವುದು ಗ್ಯಾಸ್ ಒಲೆಯ ಮೇಲೆ, ಗುಳ್ಳೆ ಬರುವಂತೆ; ಸ್ಲೋ ಕುಕ್ಕರ್ ಆ ಕೆಲಸಕ್ಕೆ ತೀರಾ ನಿಧಾನ. ಮರುದಿನ ಬೆಳಿಗ್ಗೆ ಖಾಲಿ ದೋಸೆಯ ಜೊತೆಗೆ ಈ ಎಳೆ ಎಳೆಯಾದ ಕೋಳಿಯನ್ನು ಬಡಿಸಿದರೆ ನಮ್ಮ ಮನೆಯಲ್ಲಿ ಚಟ್ನಿಯನ್ನು ಯಾರೂ ಕೇಳುವುದಿಲ್ಲ.